ಮಹದೇವಮ್ಮನವರ ಸೊಪ್ಪಿನ ತೋಟ

ಬಿಲ್ವದ ಕೊಂಬೆಯನ್ನು ಕಮಲ ಬಗ್ಗಿಸಿ ಹಿಡಿದಿದ್ದಳು. ಪಂಕಜಾ ಮುಳ್ಳು ತಪ್ಪಿಸಿ ಪತ್ರೆ ಬಿಡಿಸುತ್ತಾ ಸೆರಗಿಗೆ ತುಂಬಿಕೊಳ್ಳುತ್ತಿದ್ದಳು. ರಸ್ತೆಯಾಚೆ, ಬೋಗಾದಿಯ ಆ ಪುಟ್ಟ ಮನೆಯ ಜಗಲಿಯಲ್ಲಿ ಮಹದೇವಮ್ಮನವರನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ತಲೆ ವಾಲದಂತೆ ಹಿಂದಿನಿಂದ ಬಟ್ಟೆ ಕಟ್ಟಿದ್ದರು.

"ಒಂದ್ ಎಲೆ ಕಿತ್ರೂ ಬಯ್ಯೋರು," ಎಂದಳು ಪಂಕಜಾ. "ಇವತ್ತು ಗಿಡಾನೇ ಬೋಳ್ ಮಾಡ್ತಿದೀವಿ."

"ಬಯ್ಯೋಕಾದ್ರೂ ಇರ್ಬೇಕಿತ್ತು ಕಣ್ರೀ."

ಹಿಂದಿನ ಬೆಳಿಗ್ಗೆ ಮೆಂತ್ಯದ ಮಡಿಗೆ ನೀರು ಹಾಯಿಸುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕುಳಿತಿದ್ದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಮಲ ತೋಟದ ಮೂಲೆಯತ್ತ ನೋಡಿದಳು. ಗಂಡ ವಿಶ್ವನಾಥ್ ಅವರೆ ಚಪ್ಪರದ ಕೆಳಗೆ ಬೆನ್ನು ಹಾಕಿ ನಿಂತಿದ್ದ. ಬೆಳಗಿನಿಂದ ಅವನು ಆ ಜಗಲಿಯ ಹತ್ತಿರ ಸುಳಿದಿರಲಿಲ್ಲ.

*

ಮಹದೇವಮ್ಮ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವರು. ಗಂಡ ಎಂದೋ ತೀರಿಕೊಂಡಿದ್ದ. ಇದ್ದೊಬ್ಬ ಮಗ ಮಹಾಂತೇಶ ರಿಂಗ್ ರೋಡಿನಲ್ಲಿ ಲಾರಿಗೆ ಸಿಕ್ಕಿ ಹೋದ ಮೇಲೆ, ಮನೆಯೆದುರಿನ ಖಾಲಿ ಸೈಟಿನ ಕಾಂಗ್ರೆಸ್ ಗಿಡವನ್ನೆಲ್ಲ ಒಬ್ಬರೇ ಕಿತ್ತು ಹಾಕಿ ಸೊಪ್ಪು ಬಿತ್ತಿದರು. ಸೈಟಿನ ಯಜಮಾನರು ಬೇಡವೆನ್ನಲಿಲ್ಲ. ಮಗ ಹೋದ ಮೇಲೆ ಮಹದೇವಮ್ಮನವರನ್ನು ಆಸ್ಪತ್ರೆಯಲ್ಲಿ ನೋಡುತ್ತಿದ್ದ ಮನೋವೈದ್ಯೆ ಒಮ್ಮೆ ಬಂದು ತೋಟದಲ್ಲಿ ಬಹಳ ಹೊತ್ತು ಕುಳಿತು ಹೋದರು. ಆಮೇಲೆ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳನ್ನು ಒಬ್ಬೊಬ್ಬರಾಗಿ ಅಲ್ಲಿಗೆ ಕಳಿಸತೊಡಗಿದರು.

ಬಂದವರನ್ನು ಮಹದೇವಮ್ಮ ಏನೂ ಕೇಳುತ್ತಿರಲಿಲ್ಲ. ಕೈಗೆ ಗುದ್ದಲಿ ಕೊಡುತ್ತಿದ್ದರು. ಅಳುತ್ತಾ ದಂಟಿನ ಮಡಿ ತುಳಿದ ಪಂಕಜಾಳನ್ನು, "ಅಳು ಕಣವ್ವ, ಬ್ಯಾಡ ಅನ್ನಲ್ಲ. ಈಚೆ ಬಂದ್ ಅಳು" ಎಂದು ಗದರಿದ್ದರು.

ಕಮಲ, ವಿಶ್ವನಾಥ್ ಅಲ್ಲಿಗೆ ಬಂದಾಗ ಮಗಳು ಲಾಸ್ಯ ಹೋಗಿ ಆರು ತಿಂಗಳಾಗಿತ್ತು. ಎರಡು ತುಂಬಿದ ಮಗು. ಆಫೀಸಿಗೆ ಹೊರಟ ಅಪ್ಪ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ಟಾಟಾ ಮಾಡಲು ಹೊರಗೆ ಓಡಿತ್ತು. ಅಂದಿನಿಂದ ವಿಶ್ವನಾಥ್ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಬಸ್ಸಿನಲ್ಲಿ ಹೋಗಿ ಬರುತ್ತಿದ್ದ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಕಮಲ ಅವನನ್ನು ಒಂದು ಮಾತೂ ಅನ್ನಲಿಲ್ಲ. ನಿಮ್ಮ ತಪ್ಪಲ್ಲ ಎಂದೂ ಅನ್ನಲಿಲ್ಲ.

ಮಹದೇವಮ್ಮ ಅವನ ಕೈಗೆ ಪೈಪು ಕೊಟ್ಟು ಕೊನೆಯ ಮಡಿಗೆ ಕಳಿಸಿದರು. ಇವಳನ್ನು ನಲ್ಲಿಯ ಹತ್ತಿರ ನಿಲ್ಲಿಸಿದರು. "ಮಡಿ ತುಂಬಿದ್ಮೇಲೆ ಅವರು ಕೂಗ್ತಾರೆ, ನೀನು ನಿಲ್ಸು." ನೀರು ತುಂಬಿ ಪಕ್ಕದ ಮಡಿಗೆ ನುಗ್ಗುವವರೆಗೂ ಅವನು ಸುಮ್ಮನೆ ನಿಂತಿದ್ದ. ಕೊನೆಗೆ, "ಕಮಲಾ, ಸಾಕು" ಎಂದ. ಮಗು ಹೋದ ಮೇಲೆ ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಒಂದು ದಿನ ಕಳೆ ಕೀಳುತ್ತಾ ಕುಳಿತಿದ್ದಾಗ ಕಮಲ ಮಹದೇವಮ್ಮನವರೊಬ್ಬರಿಗೇ ಹೇಳಿದಳು. ಅವತ್ತು ಹಾಲಿಗೆಂದು ಅಡುಗೆಮನೆಯ ಕಡೆಯ ಬಾಗಿಲು ತೆಗೆದ ತಾನು ಮತ್ತೆ ಚಿಲಕ ಹಾಕಿರಲಿಲ್ಲ.

"ನಿಮ್ಮನೆಯೋರ್ಗೆ ಏಳಿದ್ಯಾ?"

"ಇಲ್ಲಮ್ಮ."

"ಏಳವ್ವ. ಅವರೊಬ್ಬರೇ ಒತ್ಕಂಡು ತಿರುಗ್ತಾವ್ರೆ."

ಹೇಳ್ತೀನಿ ಎಂದಿದ್ದಳು. ಒಂದು ವರ್ಷ ಕಳೆದಿತ್ತು.

*

ಮಂಡಕಳ್ಳಿಯ ಬಳಿ, ಮಹದೇವಮ್ಮನವರ ತವರಿನ ಹೊಲದಲ್ಲಿ ಸಮಾಧಿಗೆ ಗುಂಡಿ ತೆಗೆದಾಗಿತ್ತು. ಹೂ ಕಟ್ಟಿದ ಟೆಂಪೋದಲ್ಲಿ ಅವರನ್ನು ಕೂರಿಸಿದರು. ತೋಟದವರು ಹಿಂದೆ ಹತ್ತಿಕೊಂಡರು. ಹತ್ತಲಾಗದೆ ಉಳಿದವರು ಮಹದೇವಮ್ಮನವರ ಅಕ್ಕ ಪುಟ್ಟಮಾದಮ್ಮ. ಅವರ ಮಂಡಿ ಬಗ್ಗುತ್ತಿರಲಿಲ್ಲ.

"ತಂಗೀಗೆ ಒಂದಿಡಿ ಮಣ್ಣಾಕ್ದೆ ಎಂಗಪ್ಪಾ ಇರ್ಲಿ?" ಎಂದು ಅವರು ಮಗನ ಕೈ ಹಿಡಿದುಕೊಂಡರು.

ಮಗ ಬಸವರಾಜು ಅವರನ್ನು ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಕೀ ಹಿಡಿದು, ಇನ್ನೂ ಟೆಂಪೋ ಹತ್ತದೆ ಕಮಲಳೊಂದಿಗೆ ನಿಂತಿದ್ದ ವಿಶ್ವನಾಥನ ಬಳಿಗೆ ಓಡಿ ಬಂದ.

"ಸರ್, ಡ್ರೈವಿಂಗ್ ಬರುತ್ತಲ್ವಾ? ನಾನು ಚಿಕ್ಕವ್ವನ ಜೊತೆಗಿರ್ಬೇಕು. ನಮ್ಮವ್ವನ್ನ ಕರ್ಕೊಂಡು ಬಂದ್ಬುಡಿ."

ನಂಜನಗೂಡಿನಿಂದ ಬಂದಿದ್ದ ಅವನಿಗೆ ಏನೂ ತಿಳಿದಿರಲಿಲ್ಲ. ಉತ್ತರಕ್ಕೂ ಕಾಯದೆ ಕೀ ಕೈಗಿಟ್ಟು ಟೆಂಪೋ ಹತ್ತಿದ. ಟೆಂಪೋ ಹೊರಟಿತು.

ಕಾರು ಮನೆಯ ಪಕ್ಕದ ಓಣಿಯೊಳಗೆ ಮೂತಿ ತೂರಿಸಿ ನಿಂತಿತ್ತು. ಹಿಂದಕ್ಕೇ ತೆಗೆಯಬೇಕಿತ್ತು.

ವಿಶ್ವನಾಥ್ ಅಂಗೈಯಲ್ಲಿದ್ದ ಕೀಯನ್ನೇ ನೋಡುತ್ತಿದ್ದ. ಆಟೋ ಕರೀತೀನಿ ಎನ್ನಲು ಕಮಲ ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ರೀ, ಅವತ್ತು ಚಿಲಕ ಹಾಕ್ದೇ ಬಿಟ್ಟಿದ್ದು ನಾನು."

ಅವನು ತಲೆ ಎತ್ತಲಿಲ್ಲ.

"ಗೊತ್ತು," ಎಂದ. "ಹೊರಡುವಾಗ ನೋಡ್ದೆ. ನೀನು ಹಾಕ್ಕೋತೀಯ ಅಂದ್ಕೊಂಡೆ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿ ಏನ್ ಮಾಡ್ಲಿ? ನಿನಗೂ ನನ್ನ ಹಂಗೇ ಆಗ್ಬೇಕಿತ್ತಾ?"

ಕಾರಿನೊಳಗಿಂದ ಪುಟ್ಟಮಾದಮ್ಮ ಕಿಟಕಿ ತಟ್ಟಿದರು. "ಒರಡ್ರಪ್ಪಾ. ಅವಳಾಗ್ಲೇ ಮುಂದಕ್ಕೋದ್ಲು."

ವಿಶ್ವನಾಥ್ ಬಾಗಿಲು ತೆಗೆದು ಒಳಗೆ ಕುಳಿತ. ಇಂಜಿನ್ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಅವನು ಕನ್ನಡಿಯನ್ನು ಹಿಂದಿನ ದಾರಿಗೆ ತಿರುಗಿಸಿಕೊಂಡ.

ಕಮಲ ಕಾರು ಹತ್ತಲಿಲ್ಲ. ಬಳಸಿಕೊಂಡು ಹಿಂದಕ್ಕೆ ಹೋದಳು. ಎರಡು ಚಕ್ರಗಳ ನಡುವಿನ ನೇರಕ್ಕೆ, ಕನ್ನಡಿಯಲ್ಲಿ ಪೂರ್ತಿ ಕಾಣುವ ಹಾಗೆ ನಿಂತು ಕೈ ಎತ್ತಿದಳು.

"ಬನ್ನಿ."

ಕಾರು ಅಂಗೈಯಗಲ ಸರಿದು ನಿಂತಿತು.

"ಬನ್ನಿ, ನಾನಿದೀನಿ."

ಕನ್ನಡಿಯಲ್ಲಿ ಅವನ ಕಣ್ಣು ಅವಳ ಮೇಲೇ ಇತ್ತು. ಅವಳು ಒಂದು ಹೆಜ್ಜೆ ಹಿಂದಿಟ್ಟಳು, ಕಾರೂ ಅಷ್ಟೇ ಬಂತು. ಕೈ ಇಳಿಸದೆ, ಹಿಂದಿರುಗಿ ನೋಡದೆ, ಕಮಲ ಓಣಿಯ ಉದ್ದಕ್ಕೂ ಹಿಂದಹಿಂದಕ್ಕೆ ನಡೆಯುತ್ತಾ ಹೋದಳು.