ಮೂಲೆಯ ಕುರ್ಚಿಗೆ ಕೇಳಿಸಿದ್ದು

ಅಕ್ಕ ತೀರಿಕೊಂಡ ನಾಲ್ಕನೇ ತಿಂಗಳು ಭಾವ ಫೋನ್ ಮಾಡಿ, ಸಬ್‌ವೂಫರ್, ಅಂದರೆ ದಪ್ಪ ಸದ್ದಿನ ಸ್ಪೀಕರ್ ಪೆಟ್ಟಿಗೆ, ಕೆಟ್ಟಿದೆ, ಬಂದು ನೋಡು ಎಂದರು. ಮನೆಗಳಿಗೆ ಸ್ಪೀಕರ್ ಕೂರಿಸುವುದು ನನ್ನ ಕೆಲಸ. ಹತ್ತು ವರ್ಷದ ಹಿಂದೆ ಅವರ ಮನೆಯಲ್ಲಿ ಕೂರಿಸಿದ್ದೂ ನಾನೇ.

ಪೆಟ್ಟಿಗೆ ಬಿಚ್ಚಿ ನೋಡಿದೆ. ಒಳಗಿನ ಕಾಗದದ ಕೋನ್ ಹರಿದಿರಲಿಲ್ಲ, ವೈರು ಸಡಿಲವಾಗಿರಲಿಲ್ಲ. ಏನಾಗುತ್ತಿದೆ ಎಂದು ಕೇಳಿದೆ.

“ಮೇಲುಗಡೆ ಯಾರೋ ಮಂಚ ಎಳೆದ ಹಾಗೆ ಕೇಳ್ಸುತ್ತೆ ಕಣೋ. ಹಾಡೇ ಕೇಳ್ಸಲ್ಲ.”

ಈ ಮಾತನ್ನು ಅಕ್ಕನ ಬಾಯಲ್ಲಿ ಕೇಳಿದ್ದೆ. ಸ್ಕ್ರೂಡ್ರೈವರ್ ಕೆಳಗಿಟ್ಟು, ಈಗ ಎಲ್ಲಿ ಕೂತು ಕೇಳುತ್ತೀರಿ ಎಂದೆ. ಭಾವ ಮೂಲೆಯಲ್ಲಿದ್ದ ಅಕ್ಕನ ಕುರ್ಚಿ ತೋರಿಸಿದರು. ತಮ್ಮ ಕುರ್ಚಿಯಲ್ಲಿ ಕೂತರೆ ಅವಳದು ಖಾಲಿ ಇರುವುದು ಕಣ್ಣಿಗೆ ಬೀಳುತ್ತದಂತೆ.

ದಪ್ಪ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದೆ. ಕೋಣೆಯಲ್ಲಿ ಒಂದು ಕಡೆ ಗುಡ್ಡೆ ಬೀಳುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ. ಪೆಟ್ಟಿಗೆ ಒಂದೇ ಇದ್ದರೆ ಒಂದು ಕುರ್ಚಿಗೆ ಮಾತ್ರ ಸರಿಹೊಂದಿಸಬಹುದು. ಅದಕ್ಕೊಂದು ಹಳೆಯ ಉಪಾಯವಿದೆ. ಕೇಳುವವನ ಕುರ್ಚಿಯ ಮೇಲೆ ಪೆಟ್ಟಿಗೆ ಇಟ್ಟು, ಹಾಡು ಹಾಕಿ, ಗೋಡೆಗುಂಟ ಅಂಬೆಗಾಲಿಡಬೇಕು. ಸದ್ದು ಎಲ್ಲಿ ಸಮವಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆಗೆ ಜಾಗ. ಅಂದು ಭಾವನ ಕುರ್ಚಿಯ ಮೇಲಿಟ್ಟು ನಾವಿಬ್ಬರೂ ಅಂಬೆಗಾಲಿಟ್ಟಿದ್ದೆವು. ಅಕ್ಕ ಬಾಗಿಲಲ್ಲಿ ನಿಂತು, “ಇಬ್ರಿಗೂ ಬಾಲ ಒಂದೇ ಕಡಿಮೆ” ಎಂದು ನಕ್ಕಿದ್ದಳು.

ಆಮೇಲೆ ಅವಳು ಮಂಚ ಎಳೆದ ಹಾಗಾಗುತ್ತದೆ ಎಂದಾಗಲೆಲ್ಲ ಭಾವ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತಿದ್ದರು. ನಾನೂ ನಕ್ಕಿದ್ದೇನೆ. ಎರಡನೇ ಹಾಡಿಗೆ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅವಳಿಗೆ ಹಾಡಿನ ಹುಚ್ಚಿಲ್ಲ ಎಂದುಕೊಂಡಿದ್ದೆವು. ಅವಳ ಕುರ್ಚಿಯಲ್ಲಿ ನಾನು ಒಂದು ಸಲವೂ ಕೂತು ಕೇಳಿರಲಿಲ್ಲ. ಕಸುಬಿನವನು, ಕೇಳಬೇಕಿತ್ತು.

ಈಗ ಪೆಟ್ಟಿಗೆಯನ್ನು ಅಕ್ಕನ ಕುರ್ಚಿಯ ಮೇಲಿಟ್ಟು ಒಬ್ಬನೇ ಮೊಣಕಾಲೂರಿದೆ. ಪುಸ್ತಕದ ಕಪಾಟಿನ ಪಕ್ಕ ಸದ್ದು ಸಮವಾಯಿತು. ಪೆಟ್ಟಿಗೆ ಅಲ್ಲಿಗೆ ಸಾಗಿಸಿ, ಭಾವನನ್ನು ಮೂಲೆಯಲ್ಲಿ ಕೂರಿಸಿ ಹಾಡು ಹಾಕಿದೆ. ಅದು ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿದರು.

“ಅವಳಿಗೆ ಹತ್ತು ವರ್ಷವೂ ಆ ಮಂಚದ ಸದ್ದೇನಾ?”

ಪೆಟ್ಟಿಗೆ ಈಚೆಗೆ ಹಾಳಾಗಿತ್ತು ಎಂದು ಸುಳ್ಳು ಹೇಳಬಹುದಿತ್ತು. “ಹೌದು ಭಾವ” ಎಂದೆ.

“ಇದಕ್ಕೆ ಎಷ್ಟು ಹೊತ್ತು ಹಿಡೀತು?”

“ಅರ್ಧ ಗಂಟೆ.”

ಅವರು ಎದ್ದು ತಮ್ಮ ಕುರ್ಚಿಗೆ ಹೋಗಿ ಕೂತರು. ಅಲ್ಲೀಗ ದಪ್ಪ ಸದ್ದೇ ಇಲ್ಲ. ಹಾಡು ತಗಡಿನ ಡಬ್ಬದೊಳಗಿಂದ ಬಂದಂತಿರುತ್ತದೆ. ಇನ್ನೊಂದು ಪೆಟ್ಟಿಗೆ ಹಾಕಿದರೆ ಎರಡೂ ಕಡೆ ಸರಿಹೋಗುತ್ತದೆ ಎಂದೆ. ಬೇಡ ಎಂದರು. ಮೂಲೆಯ ಕುರ್ಚಿಯನ್ನು ನೋಡುತ್ತ, ಅದೇ ಹಾಡು ಇನ್ನೊಮ್ಮೆ ಹಾಕು ಎಂದರು.