ಖಾರದ ಗಿರಣಿಯ ಮಹಜರು

ಮಾಲೀಕ ಶಾಂತಯ್ಯನ ಕೊಲೆಯಾದ ಮೇಲೆ ಗಬ್ಬೂರಿನ ಖಾರದ ಗಿರಣಿ ಮುಚ್ಚಿತ್ತು. ಮಹಜರಿಗೆಂದು ಪೊಲೀಸರೇ ಬಾಗಿಲು ತೆಗೆಸಿದರು. ಮೋಟರು ಚಾಲೂ ಇರಬೇಕು, ಒಣಮೆಣಸಿನಕಾಯಿಯನ್ನೂ ಹಾಕಿರಬೇಕು, ಆ ದಿನ ಹೇಗಿತ್ತೋ ಹಾಗೇ ಇರಬೇಕು ಎಂದು ಇನ್‌ಸ್ಪೆಕ್ಟರ್ ಹೇಳಿಕಳಿಸಿದ್ದರು.

ಜಯಾಳನ್ನು ಬೆಳಿಗ್ಗೆಯೇ ಕರೆಸಿ ಬಾಗಿಲ ಎದುರಿನ ಲೈಟಿನ ಕಂಬದ ಹತ್ತಿರ ನಿಲ್ಲಿಸಿದರು. ಕೊಲೆಗಾರನನ್ನು ನೋಡಿದವಳು ಅವಳೊಬ್ಬಳೇ. ಆ ಗಿರಣಿಯಲ್ಲಿ ಖಾರಪುಡಿಯ ಜರಡಿ ಹಿಡಿಯುವುದು ಅವಳ ಕೆಲಸ. ಕೊಲೆಯ ದಿನ ಮಧ್ಯಾಹ್ನ ಬುತ್ತಿ ಉಂಡು ಬರುವಾಗ ಒಬ್ಬ ಗಂಡಸು ಒಳಗಿನಿಂದ ಓಡಿಬಂದು ಅವಳಿಗೆ ಡಿಕ್ಕಿ ಹೊಡೆದಿದ್ದ. ಮುಖಕ್ಕೆ ಟವೆಲ್ ಕಟ್ಟಿದ್ದ. ಅದರಲ್ಲಿ ವಿಶೇಷವೇನಿಲ್ಲ, ಖಾರ ಕುಟ್ಟಿಸಲು ಬರುವವರೆಲ್ಲ ಕಟ್ಟಿಕೊಂಡೇ ಬರುತ್ತಾರೆ. ಆದರೆ ಅವನು ಕೆಮ್ಮುತ್ತಿದ್ದ. ಎಷ್ಟು ಕೆಮ್ಮಿದನೆಂದರೆ ಓಡಲಾಗದೆ ಇದೇ ಕಂಬ ಹಿಡಿದು ಬಗ್ಗಿ ನಿಂತ. ಆಮೇಲೆ ಬೈಕ್ ಹತ್ತಿ ಬೈಪಾಸ್ ಕಡೆ ಹೋದ. ಒಳಗೆ ಶಾಂತಯ್ಯ ತಲೆ ಒಡೆದು ಬಿದ್ದಿದ್ದ. ಗಲ್ಲಾಪೆಟ್ಟಿಗೆ ಖಾಲಿಯಾಗಿತ್ತು.

ಠಾಣೆಯಲ್ಲಿ ಅವಳು ಇದನ್ನೇ ಹೇಳಿದ್ದಳು. ಜೊತೆಗೆ ಒಂದು ಮಾತು ಸೇರಿಸಿದ್ದಳು: "ಅಂವ ಖಾರದಾಗ ದುಡಿಯಾಂವ ಅಲ್ರಿ ಸಾಹೇಬ್ರ. ನಮ್ಮ ಮಂದಿ ಹಂಗ ಕೆಮ್ಮಂಗಿಲ್ಲ." ಇನ್‌ಸ್ಪೆಕ್ಟರ್ ಕೆಮ್ಮನ್ನು ಬರೆಸಿಕೊಂಡರು, ಉಳಿದದ್ದನ್ನು ಬಿಟ್ಟರು. ವಾರದೊಳಗೆ ಹುಲಗೇಶನನ್ನು ಹಿಡಿದರು.

ಹುಲಗೇಶ ಮೆಣಸಿನಕಾಯಿ ಗೋದಾಮಿನ ಹಮಾಲ. ವರ್ಷಗಟ್ಟಲೆ ಆ ಚೀಲಗಳನ್ನೇ ಹೊತ್ತವನು. ಗಿರಣಿಗೆ ಮಾಲು ಇಳಿಸಲು ಬಂದಾಗ ಶಾಂತಯ್ಯ ಬೇರೆಯವರಿಗೆ ಸ್ಟೀಲ್ ಲೋಟದಲ್ಲಿ ಚಹಾ ಕೊಡಿಸಿ, ಅವನ ಜಾತಿ ನೋಡಿ ಅವನಿಗೆ ಮಾತ್ರ ಕಾಗದದ ಕಪ್ಪಿನಲ್ಲಿ ಕೊಡಿಸುತ್ತಿದ್ದ. ಒಂದು ದಿನ ಹುಲಗೇಶ ಆ ಚಹಾವನ್ನು ನೆಲಕ್ಕೆ ಚೆಲ್ಲಿ, "ನಿನ್ನ ನೋಡ್ಕೋತೇನಿ" ಎಂದು ಎಲ್ಲರ ಮುಂದೆ ಅಂದಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು. ಜಯಾ ಅವನನ್ನು ಒಂದೆರಡು ಸಲ ಹೊತ್ತ ಚೀಲದ ಕೆಳಗೆ ನೋಡಿದ್ದಳು. ಮುಖ ನೆನಪಿರಲಿಲ್ಲ.

ಜೀಪು ಬರುವ ಹೊತ್ತಿಗೆ ರಸ್ತೆ ತುಂಬಿತ್ತು. ಭಜಿ ಗಾಡಿಯವನು ಗಾಡಿ ತಳ್ಳಿಕೊಂಡು ಅಲ್ಲಿಗೇ ಬಂದಿದ್ದ. ಎಲ್ಲರ ಕೈಯಲ್ಲೂ ಮೊಬೈಲು ಇತ್ತು, ಎರಡು ಚಾನೆಲ್ಲಿನವರೂ ಇದ್ದರು.

"ಕಂಪನಿ ನಾಟಕ ಬಂದಂಗ ಆಗೇತಲ್ಲ," ಎಂದಳು ಮಾಳವ್ವ. ಗಿರಣಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಮುದುಕಿ. "ಟಿಕೀಟ ಹಚ್ಚೋದೊಂದ ಬಾಕಿ."

ಹುಲಗೇಶನನ್ನು ಕೈಗೆ ಹಗ್ಗ ಕಟ್ಟಿ ಇಳಿಸಿದರು. ಅವನು ಕುಂಟುತ್ತಿದ್ದ. ಯಾರೋ ಚಪ್ಪಲಿ ಎಸೆದರು. "ಇಲ್ಲೇ ಗುಂಡ ಹಾಕ್ರಿ ಸರ್, ಕೋರ್ಟಿಗ್ಯಾಕ ಒಯ್ತೀರಿ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಸೀಟಿ ಬಿದ್ದವು.

ಮೋಟರು ಚಾಲೂ ಆಯಿತು. ಘಾಟು ಬಾಗಿಲಿನಿಂದ ಹೊರಗೆ ಬಂತು. ಮೊದಲು ಕಾನ್‌ಸ್ಟೆಬಲ್‌ಗಳು ಕೆಮ್ಮಿದರು, ಆಮೇಲೆ ಕ್ಯಾಮೆರಾದವರು, ಆಮೇಲೆ ಮುಂದಿನ ಸಾಲಿನ ಜನ. ಇನ್‌ಸ್ಪೆಕ್ಟರ್ ಕರ್ಚೀಫನ್ನು ಮೂಗಿಗೆ ಒತ್ತಿ ಹಿಡಿದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಮಾಳವ್ವ ಜಯಾಳ ಪಕ್ಕೆಗೆ ತಿವಿದಳು. "ಅಲ್ನೋಡ. ಎಲ್ಲಾರೂ ಕೆಮ್ಮಾಕತ್ತಾರ, ಆ ಹುಡುಗ ಸುಮ್ನ ನಿಂತಾನ."

ಹುಲಗೇಶ ಘಾಟಿನ ನಡುವೆ, ಬಾಗಿಲಲ್ಲೇ, ಸುಮ್ಮನೆ ಉಸಿರಾಡುತ್ತ ನಿಂತಿದ್ದ. ಜಯಾ ನೋಡಿದಳು. ಇನ್‌ಸ್ಪೆಕ್ಟರ್ ಕೂಡ ನೋಡಿದರು.

ಮುಖಕ್ಕೆ ಟವೆಲ್ ಕಟ್ಟಿ ಅವನನ್ನು ಓಡಿಸಿದರು. ಅವನು ಕುಂಟುತ್ತ ಓಡಿ ಕಂಬ ದಾಟಿ ನಿಂತ.

"ಕೆಮ್ಮಲೇ," ಎಂದರು ಇನ್‌ಸ್ಪೆಕ್ಟರ್.

"ರೀ?"

"ಕೆಮ್ಮು ಅಂದ್ರ ಕೆಮ್ಮು. ಕಂಬಾ ಹಿಡಿ, ಬಗ್ಗು. ಹೇಳಿಲ್ಲೇನ ನಿನಗ?"

ಎರಡನೇ ಸಲ ಅವನು ಕೆಮ್ಮಿದ, ಆದರೆ ಕಂಬ ಹಿಡಿಯುವುದನ್ನು ಮರೆತ. ಕಾನ್‌ಸ್ಟೆಬಲ್ ಬೆನ್ನಿಗೊಂದು ಬಾರಿಸಿದ. ಮೂರನೇ ಸಲ ಎಲ್ಲವೂ ಸರಿಯಾಯಿತು. ಓಡಿಬಂದ, ಕಂಬ ಹಿಡಿದ, ಬಗ್ಗಿದ, ಕೆಮ್ಮಿದ. ಜಯಾ ಆ ದಿನ ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಅವನ ಮೊಣಕೈ ಅವಳಿಗೆ ತಾಗಿತು. ಚಾನೆಲ್ಲಿನವನು ಹೆಬ್ಬೆರಳು ಎತ್ತಿ ತೋರಿಸಿದ.

ಆ ಮೂರನೇ ಸಲದ ವಿಡಿಯೋ ಎಲ್ಲರ ಮೊಬೈಲಿಗೂ ಬಂತು.

ಸ್ವಲ್ಪ ದಿನ ಬಿಟ್ಟು ಹುಲಗೇಶನ ಅಕ್ಕ ಕರುಣಾ ಜಯಾಳ ಮನೆಗೆ ಬಂದಳು. ಉಪ್ಪಿನಬೆಟಗೇರಿಯ ಸಾಲಿಯಲ್ಲಿ ಟೀಚರು. ಸಾಲಿ ಬಿಟ್ಟವಳೇ ಬಸ್ ಹಿಡಿದಿದ್ದಳು, ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು.

"ನೀರು ತರ್ಲೇನ್ರಿ ಟೀಚರ?" ಎಂದಳು ಜಯಾ.

"ಬ್ಯಾಡ್ರಿ. ಠಾಣ್ಯಾಗ ಮೊದಲ ಏನ್ ಹೇಳಿದ್ರಿ, ಅದನ್ನ ಕೋರ್ಟಿನ್ಯಾಗ ಹೇಳ್ರಿ. ಅಷ್ಟ ಕೇಳಾಕ ಬಂದೇನಿ. ಅಂವ ಖಾರದ ಮನಷಾ ಅಲ್ಲ ಅಂದಿದ್ರಂತಲ್ಲ."

"ಅಂದಿದ್ದೆರಿ."

"ಮತ್ತ?"

ಜಯಾ ಸೆರಗಿಗೆ ಕೈ ಒರೆಸಿಕೊಂಡಳು. "ಈಗ ನೆನಿಸಿಕೊಂಡ್ರ ನಿಮ್ಮ ತಮ್ಮನ ಕಣ್ಮುಂದ ಬರ್ತಾನ್ರಿ. ಮೊದಲಿನಾಂವ ಎತ್ತರ ಇದ್ನೋ ಗಿಡ್ಡ ಇದ್ನೋ, ಅಂಗಿ ಯಾವ ಬಣ್ಣದ್ದೋ, ಎಲ್ಲಾ ಹೋಗೇತಿ. ಕುಂಟಿಕೋಂತ ಓಡಿದಂಗ ಕಾಣತೈತಿ. ಆ ದಿನ ಅಂವ ಕುಂಟಿಲ್ಲ, ಅದ ನನಗ ಗೊತ್ತೈತಿ. ಆದ್ರೂ ಕುಂಟತಾನ."

"ಕಾಲಿಗೆ ಹೊಡದವ್ರು ಪೊಲೀಸರು."

"ಹೌದ್ರಿ."

"ನನ್ನ ತಮ್ಮ ಸಾಯೂತನಕಾ ಒಳಗ ಇರ್ತಾನ, ಜಯಾ. ನಿಮಗ ನೆನಪಿಲ್ಲಂತ." ಕರುಣಾ ಎದ್ದಳು. ಬಾಗಿಲಲ್ಲಿ ತಿರುಗಿ, "ಸುಳ್ಳ ಹೇಳ್ರಿ ಅನ್ನಂಗಿಲ್ಲ ನಾ," ಎಂದು ಹೋದಳು.

ಶಾಂತಯ್ಯನ ಮಗ ಗಿರಣಿ ಮತ್ತೆ ಶುರು ಮಾಡಿದ. ಜಯಾ ಜರಡಿಗೆ ಕೂತಳು. "ಇವನ ಅಂತ ಕೈ ಮಾಡಿ ತೋರಿಸಿಬಿಡು, ಮುಗೀತು," ಎಂದ ಅವನು. "ವಿಡಿಯೋದಾಗ ಜಗತ್ತ ನೋಡೇತಿ." ಸಾಕ್ಷಿಯ ದಿನ ಅರ್ಧ ದಿನದ ರಜೆ ಕೊಟ್ಟ. ಅವಳು ಜರಡಿ ಇಟ್ಟು, ಮುಖ ತೊಳೆದು, ಅದೇ ಸೀರೆಯಲ್ಲಿ ಹುಬ್ಬಳ್ಳಿಯ ಕೋರ್ಟಿಗೆ ಹೋದಳು.

ಹುಲಗೇಶ ಕಟಕಟೆಯಲ್ಲಿದ್ದ. ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದು ಬಿಳುಚಿಕೊಂಡಿದ್ದ. ಕರುಣಾ ಹಿಂದಿನ ಬೆಂಚಿನಲ್ಲಿದ್ದಳು.

"ಆ ದಿನ ನೋಡಿದವನು ಇವನೇ ಏನಮ್ಮ?" ಎಂದು ಸರ್ಕಾರಿ ವಕೀಲರು ಕೇಳಿದರು.

"ಗೊತ್ತಿಲ್ಲರಿ."

"ಇವನಲ್ಲ ಅಂತ ಹೇಳತೀಯಾ?"

"ಅದೂ ಹೇಳಾಕ ಬರಂಗಿಲ್ಲರಿ. ಇವನ್ನ ತಂದು ನನ್ನ ಮುಂದ ಮೂರು ಸಲ ಓಡಿಸಿದ್ರು. ನಾ ನೋಡಿದ ಮನಷಾ ಅದರಾಗ ಅಳಿಸಿ ಹೋದ."

ಹುಲಗೇಶನ ವಕೀಲರು ಎದ್ದರು. "ಮಹಜರಿನ ದಿನ ಇವನು ತಾನಾಗಿ ಕೆಮ್ಮಿದನೋ?"

"ಇಲ್ರಿ. ಅದನ್ನ ನಾ ಖರೇ ಹೇಳಬಲ್ಲೆ. ಎಲ್ಲಾರೂ ಕೆಮ್ಮಿದ್ರು, ಇವ ಕೆಮ್ಮಲಿಲ್ಲ. ಸಾಹೇಬ್ರು ಕೆಮ್ಮಲೇ ಅಂದಮ್ಯಾಲೆ ಕೆಮ್ಮಿದ. ಖಾರದಾಗ ದುಡಿಯೋರಿಗೆ ಘಾಟು ಹತ್ತಂಗಿಲ್ರಿ."

ನ್ಯಾಯಾಧೀಶರು ಅದನ್ನು ಪೂರ್ತಿ ಬರೆಸಿದರು. ಕರುಣಾ ಎರಡೂ ಕೈಗಳಿಂದ ಮುಂದಿನ ಬೆಂಚು ಹಿಡಿದಿದ್ದಳು. ಜಯಾ ಕೆಳಗಿಳಿದು ಸೆರಗು ಕೊಡವಿ ಹೊದ್ದುಕೊಂಡು ಹುಲಗೇಶನ ಕಟಕಟೆಯ ಮುಂದಿನಿಂದ ಹೊರಟಳು. ಟೈಪ್ ಮಾಡುತ್ತಿದ್ದವನು ಸೀನಿದ.

ಆಮೇಲೆ ಹುಲಗೇಶ ಕೆಮ್ಮಿದ.

ಒಂದು ಸಲ ಕೆಮ್ಮಿ ತಡೆಯಲು ನೋಡಿದ, ಆಗಲಿಲ್ಲ. ಮುಖ ಕೆಂಪಾಯಿತು. ಕಟಕಟೆಯ ಅಂಚು ಹಿಡಿದು ಬಗ್ಗಿದ. ಈ ಸಲ ಯಾರೂ ಕೆಮ್ಮು ಎಂದಿರಲಿಲ್ಲ.

ಸರ್ಕಾರಿ ವಕೀಲರು ಎದ್ದು ನಿಂತರು. "ಮಹಾಸ್ವಾಮಿ, ಇದನ್ನು ದಾಖಲೆಗೆ ತೆಗೆದುಕೊಳ್ಳಬೇಕು."

ಜಯಾ ತನ್ನ ಸೆರಗನ್ನು ನೋಡಿಕೊಂಡಳು. ಮಡಿಕೆಯಲ್ಲಿ ಕೆಂಪು ಪುಡಿ ಇತ್ತು. ದೀಪಾವಳಿಗೆ ಊರಿಗೆ ಹೋಗಿ ಬಂದರೆ ಅವಳಿಗೂ ಮೊದಲ ದಿನ ಹೀಗೇ ಆಗುತ್ತದೆ. ಗಂಟಲಿನ ರೂಢಿ ತಪ್ಪುತ್ತದೆ, ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

"ಸಾಹೇಬ್ರ, ಜೈಲಿನ್ಯಾಗ ಖಾರ ಇರಂಗಿಲ್ರಿ, ಅದಕ್ಕ..." ಎಂದಳು.

"ನಿಂದು ಮುಗೀತವಾ," ಎಂದು ಜವಾನ ಅವಳನ್ನು ಬಾಗಿಲ ಕಡೆ ಸರಿಸಿದ. "ಹೊರಗ ನಡಿ."