ಫಾಲ್ಮತ್ ಫೋಟೋಗಳ ಶುಕ್ರವಾರ

ಕೊಲ್ಲಿ ದೇಶದ ಮಲಾಜ್ ಬಡಾವಣೆಯ ಕನ್ನಡದವರಲ್ಲಿ ಒಂದು ರೂಢಿ. ಯಾರಾದರೂ ದೂರದ ದೇಶ ನೋಡಿ ಬಂದರೆ ಶುಕ್ರವಾರ ಮಧ್ಯಾಹ್ನ ಉಳಿದವರನ್ನು ಕರೆದು, ಊಟ ಹಾಕಿ, ಟಿ.ವಿ.ಯಲ್ಲಿ ಫೋಟೋ ತೋರಿಸಬೇಕು. ಊಟ ರುಚಿಯಾಗಿದ್ದರೆ ಇನ್ನೂರು ಫೋಟೋಗಳನ್ನಾದರೂ ಜನ ಸಹಿಸುತ್ತಾರೆ. ಅದಕ್ಕೇ ಜಮೈಕಾ ನೋಡಿ ಬಂದು ಹತ್ತು ದಿನವಾಗಿದ್ದ ರಘುನಂದನ್ ತನ್ನ ಕಂಪನಿಯ ಮೆಸ್ಸಿನ ಅಡುಗೆಯವ ಮೊಯಿದಿನಬ್ಬನನ್ನು ಬೆಳಿಗ್ಗೆಯೇ ಮನೆಗೆ ಕರೆಸಿಕೊಂಡಿದ್ದ. ವಿಟ್ಲದ ಕಡೆಯ ಆ ಮನುಷ್ಯ ತುಪ್ಪದನ್ನ ಮಾಡಿದರೆ ಕಟ್ಟಡದ ಮೂರು ಮಹಡಿಗೂ ಬಾಯಲ್ಲಿ ನೀರು.

ಈರುಳ್ಳಿ ಹೆಚ್ಚುತ್ತಾ ಅವನು ರಘುನಂದನನ ಹೆಂಡತಿ ವಂದನಾಳನ್ನು ಕೇಳಿದ್ದ. "ಅಕ್ಕಾ, ನನ್ನ ರಜೆ ಎಂತ ಆಯ್ತಂತೆ? ಆದಿತ್ಯವಾರ ಮಗಳ ನಿಕಾಹ್. ದೊಡ್ಡ ಮ್ಯಾನೇಜರ್, ಮುದೀರ್, ಇನ್ನೂ ಒಪ್ಲಿಲ್ಲ ಅಂತಾರೆ ಸಾರ್. ಇವತ್ತು ಒಪ್ಪಿದ್ರೂ ಸಾಕು, ರಾತ್ರಿ ವಿಮಾನ ಉಂಟು."

ಕಂಪನಿಯ ಸಿಬ್ಬಂದಿ ವಿಭಾಗವೇ ರಘುನಂದನನ ಕೈಯಲ್ಲಿತ್ತು. ವಂದನಾ ಕೇಳಿದಾಗ ಅವನು ಕೈ ಮೇಲಕ್ಕೆ ತೋರಿಸಿ, "ದೊಡ್ಡವರ ಹತ್ರ ಇದೆ ಕಣೇ, ನಾನೇನ್ ಮಾಡ್ಲಿ?" ಎಂದಿದ್ದ. ಅವಳು ನಂಬಿದ್ದಳು.

ಮಧ್ಯಾಹ್ನ ನೆರೆಯ ಶ್ರೀರಂಗ, ರತ್ನಪ್ರಭಾ ದಂಪತಿ ಬಂದು ಸೋಫಾದಲ್ಲಿ ಕೂತರು. ರಘುನಂದನ್ ಮೊಬೈಲನ್ನು ಟಿ.ವಿ.ಗೆ ಜೋಡಿಸಿ ಶುರು ಮಾಡಿದ.

"ಇದು ಫಾಲ್ಮತ್. ಜಮೈಕಾದ ಸಮುದ್ರದ ದಡದ ಹಳೇ ಊರು. ನ್ಯೂಯಾರ್ಕಿಗಿಂತ ಮುಂಚೆ ಇಲ್ಲಿ ನಲ್ಲಿ ನೀರು ಬಂದಿತ್ತಂತೆ!"

"ನಮ್ಮ ಮಲಾಜ್‌ನಲ್ಲಿ ಇನ್ನೂ ಟ್ಯಾಂಕರು, ಬಿಡಪ್ಪ," ಎಂದ ಶ್ರೀರಂಗ.

ಹಳೆಯ ಕಲ್ಲುಮನೆಗಳು ಬಂದವು, ಅವುಗಳ ತಲೆಯ ಮೇಲೆ ಬೆಟ್ಟದಂತೆ ನಿಂತ ಪ್ರವಾಸಿ ಹಡಗು ಬಂತು. ಆಮೇಲೆ ಮಾರ್ತಾ ಬ್ರೇ ನದಿ. ಬಿದಿರಿನ ತೆಪ್ಪದ ಮೇಲೆ ರಘುನಂದನ್ ಕಾಲು ಚಾಚಿ ಕೂತಿದ್ದ, ಹಿಂದೆ ಒಬ್ಬ ಮುದುಕ ನಿಂತು ಕೋಲು ಹಾಕುತ್ತಿದ್ದ. ಮುಂದಿನದು ಬರೀ ಕಪ್ಪು.

"ಕರೆಂಟ್ ಹೋಯ್ತಾ?" ಎಂದಳು ರತ್ನಪ್ರಭಾ.

"ಇದು ರಾತ್ರಿ ಹೊಳೆಯೋ ಹಿನ್ನೀರು ಕಣ್ರೀ. ಕ್ಯಾಮೆರಾಗೆ ಬಿದ್ದಿಲ್ಲ ಅಷ್ಟೇ."

ಆಮೇಲೆ ಆ ಫೋಟೋ ಬಂತು. ಊರಾಚೆಯ ಹಳೇ ಕಬ್ಬಿನ ತೋಟದ ಮನೆ. ಗುಲಾಮರ ಕೊರಳಿಗೆ ಹಾಕುತ್ತಿದ್ದ ಕಬ್ಬಿಣದ ಬಳೆಯ ಮಾದರಿಯೊಂದನ್ನು ಕೊರಳಿಗಿಟ್ಟುಕೊಂಡು ರಘುನಂದನ್ ನಾಲಿಗೆ ಚಾಚಿದ್ದ.

"ಕಫೀಲ್ ಕೊಟ್ಟ ಸರ!" ಎಂದ, ತಮಗೆ ವೀಸಾ ಕೊಟ್ಟ ಅರಬ್ ಧಣಿಯನ್ನು ಎಳೆದು ತಂದು. ಎಲ್ಲರೂ ನಕ್ಕರು.

ವಂದನಾಳ ನಗು ಅರ್ಧಕ್ಕೇ ನಿಂತಿತು. ಫೋಟೋ ತೆಗೆದವಳು ಅವಳೇ. "ಇನ್ನೊಂದ್ಸಲ ನಾಲಿಗೆ ಚಾಚಿ" ಎಂದವಳೂ ಅವಳೇ. ತೋಟದ ಮನೆ ತೋರಿಸುತ್ತಿದ್ದ ಅಲ್ಲಿಯ ಹೆಂಗಸು ಮುಖ ಆಚೆ ತಿರುಗಿಸಿದ್ದಳು.

ಆಗಲೇ ಟಿ.ವಿ.ಯ ಮೇಲ್ತುದಿಯಲ್ಲಿ ಒಂದು ಸೂಚನೆ ಇಳಿಯಿತು. ಕಂಪನಿಯ ಆ್ಯಪಿನದು. ಶ್ರೀರಂಗ ಯೋಚಿಸದೆ ಗಟ್ಟಿಯಾಗಿ ಓದಿಬಿಟ್ಟ. "ರಜೆ ಅರ್ಜಿ, ಮೊಯಿದಿನಬ್ಬ. ಹತ್ತೊಂಬತ್ತು ದಿನದಿಂದ ನಿಮ್ಮ ಒಪ್ಪಿಗೆಗೆ ಕಾದಿದೆ."

ತುಪ್ಪದನ್ನದ ತಟ್ಟೆ ಹಿಡಿದು ಮೊಯಿದಿನಬ್ಬ ಬಾಗಿಲಲ್ಲೇ ನಿಂತಿದ್ದ.

"ನಿಮ್ಮ ಒಪ್ಪಿಗೆಗೆ ಅಂತಿದೆಯಲ್ರೀ," ಎಂದಳು ವಂದನಾ.

ರಘುನಂದನ್ ನಗಲು ನೋಡಿದ. "ಟೂರಿಂದ ಬಂದ ಮೇಲೆ ನೋಡೋಣ ಅಂತಿದ್ದೆ. ಇವನನ್ನ ಮೊದಲೇ ಕಳಿಸಿದ್ರೆ ಇವತ್ತಿನ ಅಡುಗೆ ಯಾರು ಮಾಡ್ತಿದ್ರು, ನೀನಾ?"

ತುಪ್ಪದನ್ನವೇ ಆಗಬೇಕೆಂದು ಹಟ ಹಿಡಿದವಳೂ ಅವಳೇ ತಾನೆ! ಗಂಡನ ಮೇಲೆ ಹುಟ್ಟಿದ ಹೇಸಿಗೆ ತಿರುಗಿ ತನ್ನ ಮೈಮೇಲೇ ಚೆಲ್ಲಿದಂತಾಯಿತು. "ಈಗ್ಲೇ ಒಪ್ಪಿಗೆ ಒತ್ತಿ," ಎಂದಳು.

ಒತ್ತಿದ. ಅರ್ಜಿ ಮುದೀರರ ಹೆಸರಿಗೆ ಹೋಗಿ ನಿಂತಿತು. "ಇನ್ನು ಆಫೀಸು ತೆರೆಯೋ ಭಾನುವಾರವೇ. ಶುಕ್ರವಾರ ಅವರಿಗೆ ಫೋನ್ ಮಾಡಿದ್ರೆ ಉಗೀತಾರೆ."

"ನಿಮಗೆ ಉಗೀಲಿ!" ವಂದನಾ ಮೊಬೈಲು ಕಿತ್ತುಕೊಂಡು ತಾನೇ ಕರೆ ಮಾಡಿದಳು. ಮುದುಕ ಮುದೀರ್ ಮೂರನೇ ರಿಂಗಿಗೆ ಎತ್ತಿದರು. ಅವಳ ಮುರುಕು ಅರಬಿಯಲ್ಲಿ ಮಗಳು, ಮದುವೆ ಎಂಬೆರಡು ಮಾತು ತಿಳಿದದ್ದೇ ತಡ, "ಮಬ್ರೂಕ್! ಮಬ್ರೂಕ್!" ಎಂದು ಶುಭ ಹಾರೈಸಿದರು. ಒಂದೇ ನಿಮಿಷ. ಟಿ.ವಿ.ಯಲ್ಲಿ ಹಸಿರು ಗುರುತು ಮೂಡಿತು.

ಮೊಯಿದಿನಬ್ಬ ತಟ್ಟೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ಸಾರ್, ಒಂದು ಮಾತು ಹೇಳಿದ್ರೆ ಸಾಕಿತ್ತು. ಹಿಂದಿನ ಶುಕ್ರವಾರವೇ ತುಪ್ಪದನ್ನ ಮಾಡಿಕೊಟ್ಟು ಹೋಗ್ತಿದ್ದೆ."

ರಘುನಂದನ್ ರಿಮೋಟಿನ ಗುಂಡಿಗಳನ್ನು ಸವರುತ್ತಾ ಕೂತ.

ವಂದನಾ ಕಾರಿನ ಕೀಲಿಗೆ ಕೈ ಹಾಕಿದಳು. "ಬನ್ನಿ ಮೊಯಿದಿನಬ್ಬ, ನಿಮ್ಮ ಕ್ಯಾಂಪಿನ ರೂಮಿಂದ ಚೀಲ ತಗೊಂಡು ಏರ್‌ಪೋರ್ಟಿಗೆ ಬಿಡ್ತೀನಿ."

"ಬೇಡ ಅಕ್ಕ. ಟ್ಯಾಕ್ಸಿ ಸಿಗ್ತದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದುಹೋದ.

ಅವಳು ಕೀಲಿ ಹಿಡಿದು ನಿಂತೇ ಇದ್ದಳು. ಹಿಂದಿನಿಂದ ರತ್ನಪ್ರಭಾ ಕರೆದಳು. "ವಂದನಾ, ಮೊಸರುಬಜ್ಜಿ ಎಲ್ಲಿಟ್ಟಿದೀಯೇ? ಅನ್ನ ಆರುತ್ತೆ."

ತಿರುಗಿ ನೋಡಿದರೆ ಗಂಡನೂ ಸೇರಿ ಮೂವರೂ ತುಪ್ಪದನ್ನ ಬಡಿಸಿಕೊಂಡಾಗಿತ್ತು.